ಎಂಟು ಪೃಚ್ಛಕರು, ಒಂದು ನಾಲಗೆ

2012ರ ನವೆಂಬರ್ 30ರಿಂದ ಡಿಸೆಂಬರ್ 2ರವರೆಗೆ ಬೆಂಗಳೂರಿನ ಜಯನಗರದಲ್ಲಿ, ಎನ್‌ಎಂಕೆಆರ್‌ವಿ ಕಾಲೇಜಿನ ಸಭಾಂಗಣದಲ್ಲಿ, ನೂರು ಮಂದಿ ಸೇರಿ ಒಬ್ಬರನ್ನು ಮೂರು ದಿನ ಕಾಡಿದರು. ಕಾಡಿಸಿಕೊಳ್ಳಲು ಒಪ್ಪಿ ವೇದಿಕೆಯಲ್ಲಿ ಕುಳಿತವರು ಅವಧಾನಿ ಆರ್. ಗಣೇಶ್. ಒಬ್ಬರು ತಲೆಬುಡವಿಲ್ಲದ ಸಾಲೊಂದನ್ನು ಕೊಟ್ಟು ಅದಕ್ಕೆ ಅರ್ಥ ಕಟ್ಟಿ ಎಂದರು, ಇನ್ನೊಬ್ಬರು ಅವರ ಬಾಯಿಗೆ ಬಂದ ಅಕ್ಷರವನ್ನೇ ತಡೆದರು, ಮತ್ತೊಬ್ಬರು ಸಂಬಂಧವೇ ಇಲ್ಲದ ತರಲೆ ಪ್ರಶ್ನೆ ಎಸೆದರು. ಅವಧಾನಿಯ ಕೈಯಲ್ಲಿ ಪೆನ್ನಿಲ್ಲ, ಕಾಗದವಿಲ್ಲ. ಸಂಪೂರ್ಣವಾಗಿ ಕನ್ನಡದಲ್ಲೇ ನಡೆದ ಮೊದಲ ಶತಾವಧಾನವೆಂದು ಅದು ಹೆಸರಾಯಿತು.

ಇಂಥ ಸಭೆಯಿಂದ ಹೊರಬರುವವರ ಬಾಯಲ್ಲಿ ಸಾಮಾನ್ಯವಾಗಿ ಒಂದೇ ಮಾತು: ‘ಒಂದೇ ಹೊತ್ತಿಗೆ ಅಷ್ಟೊಂದು ಕೆಲಸ ಹೇಗಪ್ಪಾ ಮಾಡ್ತಾರೆ!’ ಮೆಚ್ಚುಗೆ ನಿಜ, ಆದರೆ ಅದು ಬಿದ್ದಿರುವ ಜಾಗ ಸರಿಯಿಲ್ಲ. ಅವಧಾನಿ ಒಂದೇ ಹೊತ್ತಿಗೆ ಎರಡು ಕೆಲಸವನ್ನೂ ಮಾಡುವುದಿಲ್ಲ, ಎಂಟಂತೂ ದೂರದ ಮಾತು. ಮನುಷ್ಯನ ಮನಸ್ಸಿಗೆ ಅದು ಆಗದು ಎಂಬುದನ್ನು ಒಪ್ಪಿಕೊಂಡೇ ಈ ಕಲೆಯ ನಿಯಮಗಳು ರೂಪುಗೊಂಡಿವೆ. ಆ ನಿಯಮಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ, ಪ್ರಯೋಗಾಲಯದ ಮನಶ್ಶಾಸ್ತ್ರ ತೀರಾ ಈಚೆಗೆ ಅಳೆದು ಕಂಡುಕೊಂಡ ಹಲವು ಸಂಗತಿಗಳು ವೇದಿಕೆಯ ಮೇಲೆ ಮೊದಲೇ ಬಳಕೆಯಲ್ಲಿದ್ದವು ಎನ್ನಿಸುತ್ತದೆ.

ಮೊದಲು ಅಷ್ಟಾವಧಾನದ ಸಭೆಯನ್ನೇ ನೋಡಬೇಕು. ಅವಧಾನಿಯ ಎದುರು ಎಂಟು ಪೃಚ್ಛಕರು, ಅಂದರೆ ಪ್ರಶ್ನೆ ಒಡ್ಡುವವರು. ಅವರ ಕೆಲಸಗಳು ಊರಿಂದೂರಿಗೆ, ಅವಧಾನಿಯಿಂದ ಅವಧಾನಿಗೆ ತುಸು ಬದಲಾಗುತ್ತವೆ. ಕನ್ನಡದ ಸಭೆಗಳಲ್ಲಿ ಸಾಮಾನ್ಯವಾಗಿ ಕಾಣುವವು ನಿಷೇಧಾಕ್ಷರಿ, ಸಮಸ್ಯಾಪೂರಣ, ದತ್ತಪದಿ, ವರ್ಣನೆ ಅಥವಾ ಚಿತ್ರಕವಿತೆ, ಆಶುಕವಿತೆ, ಕಾವ್ಯವಾಚನ, ಸಂಖ್ಯಾಬಂಧ, ಅಪ್ರಸ್ತುತ ಪ್ರಸಂಗ.

ನಿಷೇಧಾಕ್ಷರಿಯಲ್ಲಿ ಪೃಚ್ಛಕ ಪದ್ಯದ ವಸ್ತು ಹೇಳಿ ಬಿಡುವುದಿಲ್ಲ, ಹೆಜ್ಜೆಹೆಜ್ಜೆಗೂ ಅಡ್ಡ ಬರುತ್ತಾನೆ. ಅವಧಾನಿ ‘ರಾ’ ಎಂದರೆ, ಮುಂದೆ ‘ಮ’ ಬರಬಹುದೆಂದು ಊಹಿಸಿ ಆ ಅಕ್ಷರ ಬೇಡ ಎನ್ನುತ್ತಾನೆ. ಅವಧಾನಿ ‘ಜಿ’ ಎನ್ನುತ್ತಾರೆ. ಹಾಗಾದರೆ ‘ರಾಜಿತ’ ಇರಬೇಕು ಎಂದುಕೊಂಡು ಪೃಚ್ಛಕ ‘ತ’ವನ್ನು ತಡೆಯುತ್ತಾನೆ. ಅವಧಾನಿ ‘ಪ’ ಎಂದು ‘ರಾಜಿಪ’ ಮಾಡಿ ದಾಟುತ್ತಾರೆ. ಹೀಗೆ ಅಕ್ಷರ ಅಕ್ಷರಕ್ಕೂ ಚೌಕಾಶಿ. ಸಮಸ್ಯೆಯಲ್ಲಿ ಪದ್ಯದ ಕೊನೆಯ ಸಾಲು ಪೃಚ್ಛಕನದು; ಸತ್ತವನು ಎದ್ದು ಊಟಕ್ಕೆ ಕುಳಿತ ಎಂಬ ಥರದ ಅಸಂಬದ್ಧವೋ ಅನುಚಿತವೋ ಆದ ಮಾತು ಅದರಲ್ಲಿರುತ್ತದೆ. ಹಿಂದಿನ ಮೂರು ಸಾಲು ಹೊಸೆದು ಆ ಮಾತಿಗೆ ಮಾನ ತರುವುದು ಅವಧಾನಿಯ ಪಾಲು. ದತ್ತಪದಿಯಲ್ಲಿ ನಾಲ್ಕು ಪದ ಕೊಟ್ಟು, ಸಾಲಿಗೊಂದರಂತೆ ಅವನ್ನು ಬಳಸಿ, ಅವಕ್ಕೆ ಸಂಬಂಧವೇ ಇಲ್ಲದ ವಿಷಯದ ಮೇಲೆ ಪದ್ಯ ಕೇಳುತ್ತಾರೆ. ಹೋಟೆಲಿನ ತಿಂಡಿಗಳ ಹೆಸರು ಕೊಟ್ಟು ಸೀತಾಸ್ವಯಂವರ ಕೇಳುವುದು ಪೃಚ್ಛಕರಿಗೆ ಇಷ್ಟದ ಚೇಷ್ಟೆ. ಹಳಗನ್ನಡ ಬಲ್ಲವರಿಗೆ ಪೂರಿ ‘ಪೂರಿತ’ದೊಳಗೆ ಅಡಗುತ್ತದೆ, ವಡೆ ‘ಪೇಳ್ವಡೆ’ಯೊಳಗೆ. ದೋಸೆ ಕೊಟ್ಟವನು ಮಾತ್ರ ನಿಜವಾದ ವೈರಿ.

ಇಲ್ಲಿ ಗಮನಿಸಬೇಕಾದದ್ದು ಸರದಿ. ಅವಧಾನಿ ನಿಷೇಧಾಕ್ಷರಿಯ ಪದ್ಯವನ್ನು ಮುಗಿಸಿ ಸಮಸ್ಯೆಗೆ ಹೋಗುವುದಿಲ್ಲ. ಮೊದಲ ಸುತ್ತಿನಲ್ಲಿ ನಿಷೇಧಾಕ್ಷರಿಗೆ ಒಂದು ಪಾದ, ಸಮಸ್ಯೆಗೆ ಒಂದು ಪಾದ, ದತ್ತಪದಿಗೆ ಒಂದು, ವರ್ಣನೆಗೆ ಒಂದು. ಎರಡನೆಯ ಸುತ್ತಿನಲ್ಲಿ ಮತ್ತೆ ಅದೇ ಕ್ರಮದಲ್ಲಿ ಎರಡನೆಯ ಪಾದ. ನಾಲ್ಕು ಸುತ್ತಿಗೆ ಪದ್ಯಗಳು ಪೂರ್ತಿಯಾಗುತ್ತವೆ. ಕೊನೆಯಲ್ಲಿ ಧಾರಣ, ಅಂದರೆ ಅಷ್ಟೂ ಪದ್ಯಗಳನ್ನು ಮೊದಲಿಂದ ತಪ್ಪಿಲ್ಲದೆ ಒಪ್ಪಿಸುವುದು. ನಡುನಡುವೆ ಸಂಖ್ಯಾಬಂಧದವನು ತನ್ನ ಇಪ್ಪತ್ತೈದು ಮನೆಗಳ ಚೌಕದಲ್ಲಿ ಇಂಥ ಮನೆಗೆ ಯಾವ ಸಂಖ್ಯೆ ಎಂದು ತಟ್ಟನೆ ಕೇಳುತ್ತಾನೆ. ಅಪ್ರಸ್ತುತ ಪ್ರಸಂಗಿಗಂತೂ ಹೊತ್ತು ಗೊತ್ತಿಲ್ಲ. ನೆರೆಮನೆಯ ನಾಯಿಯಿಂದ ವಿಧಾನಸೌಧದವರೆಗೆ ಯಾವುದನ್ನು ಬೇಕಾದರೂ ಎಳೆದು ತರಬಹುದು. ನಗು ಬರುವಂತೆ ಉತ್ತರ ಕೊಡಬೇಕು, ಕೊಟ್ಟು ನಿಂತ ಸಾಲಿಗೆ ಮರಳಬೇಕು.

ಇದು ಯಾವಾಗ ಶುರುವಾಯಿತು ಎಂಬುದಕ್ಕೆ ಒಂದೇ ಊರು, ಒಂದೇ ಇಸವಿ ಇಲ್ಲ. ನೆನಪಿನ ಕಸರತ್ತಾಗಿ ಅವಧಾನ ಜೈನ ಯತಿಗಳಲ್ಲಿ ಬಹುಕಾಲ ಬೆಳೆಯಿತು. ಮೊಗಲ್ ದೊರೆ ಅಕ್ಬರನ ಕಾಲದಲ್ಲಿ ಸಿದ್ಧಿಚಂದ್ರನೆಂಬ ಜೈನ ಯತಿ ಆಸ್ಥಾನದಲ್ಲಿ ಅವಧಾನ ತೋರಿ ‘ಖುಷ್‌ಫಹಮ್’ ಎಂಬ ಬಿರುದು ಪಡೆದ. ತತ್ತ್ವಶಾಸ್ತ್ರದಲ್ಲಿ ದೊಡ್ಡ ಹೆಸರಾದ ಯಶೋವಿಜಯ 17ನೆಯ ಶತಮಾನದಲ್ಲಿ ಅಹಮದಾಬಾದಿನಲ್ಲಿ ಅಷ್ಟಾವಧಾನ ನಡೆಸಿದ. ಈ ಪರಂಪರೆಯಲ್ಲಿ ಪದ್ಯಕ್ಕಿಂತ ಪಟ್ಟಿಗೆ ಮಹತ್ತ್ವ: ಕೇಳಿದ್ದನ್ನು ಕೇಳಿದ ಕ್ರಮದಲ್ಲಿ ಒಪ್ಪಿಸಬೇಕು.

ದಕ್ಷಿಣದಲ್ಲಿ ಅದು ಕವಿತೆಯ ಬೆನ್ನು ಹತ್ತಿತು. ವಿಜಯನಗರದ ಅಳಿಯ ರಾಮರಾಯನ ಕಾಲದ ತೆಲುಗು ಕವಿ ರಾಮರಾಜಭೂಷಣನಿಗೆ ನೂರು ಲೇಖಕರಿಗೆ ಪದ್ಯ ಹೇಳಬಲ್ಲವನು ಎಂಬ ಕೀರ್ತಿಯಿತ್ತು. ಶತಲೇಖಿನೀ ಎಂದರೆ ನೂರು ಜನ ಲೆಕ್ಕಣಿಕೆ ಹಿಡಿದು ಕೂರುವುದು, ಕವಿ ಒಬ್ಬೊಬ್ಬರಿಗೂ ಬೇರೆ ಬೇರೆ ಪದ್ಯವನ್ನು ತುಂಡುತುಂಡಾಗಿ ಹೇಳುತ್ತಾ ಹೋಗುವುದು. ಜಗತ್ತಿನ ಇನ್ನೊಂದು ತುದಿಯಲ್ಲಿ ಪ್ಲಿನಿ ಎಂಬ ರೋಮನ್ ಪಂಡಿತ ಜೂಲಿಯಸ್ ಸೀಸರನ ಬಗ್ಗೆ ಇಂಥದೇ ಮಾತು ಬರೆದಿಟ್ಟಿದ್ದಾನೆ. ಸೀಸರ್ ಮಹತ್ತ್ವದ ನಾಲ್ಕು ಪತ್ರಗಳನ್ನು ಒಟ್ಟಿಗೆ ಹೇಳಿ ಬರೆಸುತ್ತಿದ್ದನಂತೆ, ಬೇರೆ ಕೆಲಸವಿಲ್ಲದಿದ್ದರೆ ಏಳನ್ನು. ಎರಡು ಕಡೆಯೂ ಒಂದು ಸೌಕರ್ಯ ಸಮಾನವಾಗಿತ್ತು. ಹೇಳುವವನು ಒಬ್ಬ, ಬರೆಯುವವರು ಹಲವರು. ಬರೆಯುವವನು ಗೀಚಿ ಮುಗಿಸುವಷ್ಟರಲ್ಲಿ ಹೇಳುವವನ ಮನಸ್ಸು ಪಕ್ಕದವನಿಗೆ ಸರಿದಿರುತ್ತಿತ್ತು.

19ನೆಯ ಶತಮಾನದ ಕೊನೆಗೆ ತೆಲುಗು ನಾಡಿನಲ್ಲಿ ದಿವಾಕರ್ಲ ತಿರುಪತಿ ಶಾಸ್ತ್ರಿ, ಚೆಳ್ಳಪಿಳ್ಳ ವೆಂಕಟ ಶಾಸ್ತ್ರಿ ಎಂಬ ಜೋಡಿ ಅವಧಾನವನ್ನು ಸಂಸ್ಥಾನದಿಂದ ಸಂಸ್ಥಾನಕ್ಕೆ ಹೊತ್ತು ತಿರುಗಿ ಜನಪ್ರಿಯ ಮಾಡಿತು. ಇಬ್ಬರೂ ಮೀಸೆ ಬಿಟ್ಟಿದ್ದರು. ಸಂಸ್ಕೃತದಲ್ಲೋ ತೆಲುಗಿನಲ್ಲೋ ತಮ್ಮನ್ನು ಸೋಲಿಸಿದವರ ಮುಂದೆ ಅದನ್ನು ತೆಗೆಸುತ್ತೇವೆ ಎಂಬ ಸವಾಲು ಆ ಮೀಸೆಯ ಹಿಂದಿತ್ತು. ತಮಿಳು ನಾಡಿನಲ್ಲಿ ನಾಗರಕೋಯಿಲ್ ಬಳಿಯ ಇಡಲಾಕುಡಿಯ ಶೇಖ್ ತಂಬಿ ಪಾವಲರ್ 1907ರಲ್ಲಿ ಮದರಾಸಿನ ವಿಕ್ಟೋರಿಯಾ ಹಾಲಿನಲ್ಲಿ ಶತಾವಧಾನ ನಡೆಸಿದರು. ಆ ಬಿರುದಿನಿಂದಲೇ ಅವರು ಇಂದಿಗೂ ಪರಿಚಿತರು, ಭಾರತ ಸರ್ಕಾರ ಅವರ ಅಂಚೆಚೀಟಿಯನ್ನೂ ಹೊರತಂದಿದೆ.

ಕನ್ನಡದಲ್ಲಿ 20ನೆಯ ಶತಮಾನದ ಮೊದಲರ್ಧದ ಅವಧಾನಿಯಾಗಿ ನೆನೆಯುವ ಹೆಸರು ಬೆಳ್ಳಾವೆ ನರಹರಿ ಶಾಸ್ತ್ರಿಗಳದು. 1934ರಲ್ಲಿ ತೆರೆ ಕಂಡ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನಾ’ಕ್ಕೆ ಹಾಡು, ಮಾತು ಬರೆದವರೂ ಅವರೇ. ಅವರ ನಂತರ ಕನ್ನಡದಲ್ಲಿ ದೊಡ್ಡ ಮೌನ. 1981ರಲ್ಲಿ ಲೇಪಾಕ್ಷಿ ಮೇಡವರಂ ಮಲ್ಲಿಕಾರ್ಜುನ ಶರ್ಮರ ಅವಧಾನವನ್ನು ನೋಡಿದ ಕೋಲಾರ ಮೂಲದ ಯುವಕ, ಎಂಜಿನಿಯರಿಂಗ್ ಓದಿನ ಆರ್. ಗಣೇಶ್, ಅದನ್ನು ಕನ್ನಡಕ್ಕೆ ಮತ್ತೆ ತಂದರು. ಸಾವಿರಕ್ಕೂ ಹೆಚ್ಚು ಅಷ್ಟಾವಧಾನಗಳನ್ನು ನಡೆಸಿದ್ದಷ್ಟೇ ಅಲ್ಲ, ಕನ್ನಡದಲ್ಲಿ ಅವಧಾನಕಲೆ ಎಂಬ ವಿಷಯದ ಮೇಲೆಯೇ ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ಡಿ.ಲಿಟ್. ಪಡೆದರು. ಆಡುವವನೇ ಆಟದ ಶಾಸ್ತ್ರವನ್ನೂ ಬರೆದದ್ದು ಈ ಕಲೆಯ ಅದೃಷ್ಟ.

ಈಗ ಇನ್ನೊಂದು ಕಸುಬಿನ ಕಥೆ. ಅಲ್ಲಿ ಕವಿತೆಯಿಲ್ಲ, ಚಪ್ಪಾಳೆಯಿಲ್ಲ; ಎರಡೇ ಎರಡು ಕೆಲಸ. ಆದರೂ ಒಬ್ಬನ ನೌಕರಿ ಹೋಯಿತು.

18ನೆಯ ಶತಮಾನದ ಇಂಗ್ಲೆಂಡಿನ ಗ್ರಿನಿಚ್ ವೀಕ್ಷಣಾಲಯದಲ್ಲಿ ನಕ್ಷತ್ರವೊಂದು ದೂರದರ್ಶಕದ ತಂತಿಯನ್ನು ದಾಟುವ ಹೊತ್ತನ್ನು ಗುರುತಿಸುವುದು ದಿನನಿತ್ಯದ ಕೆಲಸ. ಗಡಿಯಾರಗಳ ಸರಿಹೊತ್ತು ಅದರ ಮೇಲೆ ನಿಂತಿತ್ತು. ವೀಕ್ಷಕ ಮೊದಲು ಗಡಿಯಾರ ನೋಡಿ ಸೆಕೆಂಡನ್ನು ಮನಸ್ಸಿನಲ್ಲಿಟ್ಟುಕೊಂಡು ಕಣ್ಣನ್ನು ದೂರದರ್ಶಕಕ್ಕೆ ಹಚ್ಚುತ್ತಿದ್ದ. ಆಮೇಲೆ ಕಿವಿಯಲ್ಲಿ ಲೋಲಕದ ಬಡಿತ ಎಣಿಸುತ್ತಾ, ಕಣ್ಣಲ್ಲಿ ನಕ್ಷತ್ರವನ್ನು ಹಿಂಬಾಲಿಸುತ್ತಾ, ಒಂದು ಬಡಿತಕ್ಕೆ ಅದು ತಂತಿಯ ಈಚೆ ಎಲ್ಲಿತ್ತು, ಮರುಬಡಿತಕ್ಕೆ ಆಚೆ ಎಲ್ಲಿತ್ತು ಎಂದು ನೋಡಿ, ದಾಟಿದ ಕ್ಷಣವನ್ನು ಸೆಕೆಂಡಿನ ಹತ್ತನೆಯ ಒಂದು ಭಾಗದವರೆಗೆ ಅಂದಾಜು ಮಾಡುತ್ತಿದ್ದ. ಕಣ್ಣು–ಕಿವಿಯ ವಿಧಾನವೆಂದೇ ಇದಕ್ಕೆ ಹೆಸರು.

ವೀಕ್ಷಣಾಲಯದ ಮುಖ್ಯಸ್ಥ ನೆವಿಲ್ ಮ್ಯಾಸ್ಕೆಲೈನ್. ಸಹಾಯಕ ಡೇವಿಡ್ ಕಿನ್ನೆಬ್ರೂಕ್. 1795ರ ಆಗಸ್ಟ್ ಹೊತ್ತಿಗೆ ಸಹಾಯಕನ ಲೆಕ್ಕ ಯಜಮಾನನದಕ್ಕಿಂತ ಅರ್ಧ ಸೆಕೆಂಡು ತಡವಾಗಿ ಬೀಳುತ್ತಿರುವುದು ಗಮನಕ್ಕೆ ಬಂತು. ಎಚ್ಚರಿಸಿದ್ದಾಯಿತು. ಪಾಪ, ಕಿನ್ನೆಬ್ರೂಕ್ ತಿದ್ದಿಕೊಳ್ಳಲು ನೋಡಿದಷ್ಟೂ ಅಂತರ ಹೆಚ್ಚಿತು. 1796ರ ಜನವರಿಯಲ್ಲಿ ಅದು ಸೆಕೆಂಡಿನ ಹತ್ತರಲ್ಲಿ ಎಂಟು ಭಾಗವಾಗಿತ್ತು. ಮ್ಯಾಸ್ಕೆಲೈನ್ ಅವನನ್ನು ಕೆಲಸದಿಂದ ತೆಗೆದು, ಅವನು ತನ್ನದೇ ಯಾವುದೋ ಕೆಟ್ಟ ಕ್ರಮಕ್ಕೆ ಬಿದ್ದಿದ್ದಾನೆಂದು ದಾಖಲಿಸಿದ.

ಯಜಮಾನನ ಕಣ್ಣು–ಕಿವಿಯೂ ತಪ್ಪಿರಬಹುದು ಎಂಬ ಅನುಮಾನ ಆಗ ಯಾರಿಗೂ ಬರಲಿಲ್ಲ. ಇಪ್ಪತ್ತು ವರ್ಷದ ಮೇಲೆ ಕೋನಿಗ್ಸ್‌ಬರ್ಗಿನ ಖಗೋಳಶಾಸ್ತ್ರಜ್ಞ ಫ್ರೀಡ್ರಿಕ್ ಬೆಸೆಲ್ ಆ ದಾಖಲೆಯ ಸಂಗತಿಯನ್ನು ಓದಿ ತಲೆ ಕೆಡಿಸಿಕೊಂಡ. ಪಳಗಿದ ವೀಕ್ಷಕರೊಡನೆ ತನ್ನನ್ನೇ ಹೋಲಿಸಿ ನೋಡಿದ. ವಾಲ್ಬೆಕ್ ಎಂಬ ವೀಕ್ಷಕನಿಗೂ ತನಗೂ 1.041 ಸೆಕೆಂಡ್ ವ್ಯತ್ಯಾಸ. ಆರ್ಗೆಲಾಂಡರ್‌ಗೂ ತನಗೂ 1.223 ಸೆಕೆಂಡ್. ಕೆಲಸ ಕಳೆದುಕೊಂಡ ಹುಡುಗನ ತಪ್ಪಿಗಿಂತ ಇದು ದೊಡ್ಡದು. ಕೇಳಿದ್ದನ್ನೂ ಕಂಡದ್ದನ್ನೂ ಒಂದೇ ಕ್ಷಣಕ್ಕೆ ಕೂಡಿಸುವುದು ಯಾರಿಂದಲೂ ಆಗುತ್ತಿರಲಿಲ್ಲ. ಮನಸ್ಸು ಒಂದನ್ನು ಮೊದಲು ಒಳಗೆ ಬಿಟ್ಟುಕೊಳ್ಳುತ್ತಿತ್ತು, ಇನ್ನೊಂದು ಹೊಸಲಲ್ಲಿ ಕಾಯುತ್ತಿತ್ತು. ಯಾವುದು ಮೊದಲು, ಎಷ್ಟು ಹೊತ್ತು ಎಂಬುದು ಮಾತ್ರ ಆಳಿಂದಾಳಿಗೆ ಬೇರೆ. ಇದು ತಿಳಿಯುವ ಹೊತ್ತಿಗೆ, 1802ರಲ್ಲೇ, ಕಿನ್ನೆಬ್ರೂಕ್ ತೀರಿಕೊಂಡಿದ್ದ.

ಖಗೋಳಶಾಸ್ತ್ರಜ್ಞರು ಈ ವ್ಯತ್ಯಾಸವನ್ನು ಲೆಕ್ಕದಿಂದ ಕಳೆಯಲು ಕಲಿತು ತಮ್ಮ ಪಾಡಿಗೆ ಮುಂದೆ ಹೋದರು. ಜರ್ಮನಿಯ ವಿಲ್‌ಹೆಲ್ಮ್ ವುಂಟ್ ಮಾತ್ರ ಅದನ್ನೇ ಹಿಡಿದುಕೊಂಡ. 1861ರ ಸುಮಾರಿಗೆ ಲೋಲಕಕ್ಕೊಂದು ಗಂಟೆ ಕಟ್ಟಿ, ಗಂಟೆ ಬಾರಿಸಿದ ಕ್ಷಣಕ್ಕೆ ಮುಳ್ಳು ಎಲ್ಲಿ ಕಾಣುತ್ತದೆಂದು ತನ್ನ ಮೇಲೆಯೇ ಪರೀಕ್ಷಿಸಿಕೊಂಡ. ಮುಳ್ಳು ನಿಜವಾಗಿ ಇದ್ದ ಜಾಗದಲ್ಲಿ ಅದು ಕಾಣಲೇ ಇಲ್ಲ. ಗಂಟೆಯ ಸದ್ದಿಂದ ಮುಳ್ಳಿಗೆ ಗಮನ ಸರಿಯಲು ಹೊತ್ತು ಬೇಕು ಎಂದು ಅವನು ತೀರ್ಮಾನಿಸಿದ.

ಮುಂದಿನ ನೂರು ವರ್ಷ ಪ್ರಯೋಗಾಲಯಗಳು ಈ ಬಾಗಿಲಿನ ಅಗಲವನ್ನೇ ಅಳೆದವು. 1927ರಲ್ಲಿ ಆರ್ಥರ್ ಯರ್ಸಿಲ್ಡ್ ಎಂಬ ಅಮೆರಿಕನ್ ಸಂಶೋಧಕ ಜನರಿಗೆ ಲೆಕ್ಕಗಳ ಪಟ್ಟಿ ಕೊಟ್ಟ. ಇಡೀ ಪಟ್ಟಿಗೆ ಒಂದೇ ಬಗೆಯ ಲೆಕ್ಕವಿದ್ದಾಗ ಕೈ ಸರಾಗವಾಗಿ ಓಡಿತು. ಒಂದು ಕೂಡಿಸು, ಮುಂದಿನದು ಕಳೆ ಎಂದು ಬದಲಾಯಿಸುತ್ತಾ ಹೋಗಬೇಕಾದಾಗ, ಲೆಕ್ಕಗಳು ಅಷ್ಟೇ ಸುಲಭವಿದ್ದರೂ, ಹೆಚ್ಚು ಹೊತ್ತು ಹಿಡಿಯಿತು. ಆ ಹೊತ್ತು ಕೂಡಿಸುವುದಕ್ಕೂ ಅಲ್ಲ, ಕಳೆಯುವುದಕ್ಕೂ ಅಲ್ಲ, ಒಂದರಿಂದ ಇನ್ನೊಂದಕ್ಕೆ ಹೊರಳುವುದಕ್ಕೆ ಕಟ್ಟಿದ ಸುಂಕ. 1931ರಲ್ಲಿ ಟೆಲ್ಫರ್ಡ್, 1952ರಲ್ಲಿ ವೆಲ್ಫರ್ಡ್ ಇನ್ನೊಂದು ಮಗ್ಗುಲು ತೋರಿಸಿದರು: ಎರಡು ಸಂಕೇತಗಳು ಅರ್ಧ ಸೆಕೆಂಡಿಗಿಂತ ಕಡಿಮೆ ಅಂತರದಲ್ಲಿ ಬಂದರೆ, ಮೊದಲನೆಯದಕ್ಕೆ ಉತ್ತರ ತೀರ್ಮಾನವಾಗುವವರೆಗೆ ಎರಡನೆಯದು ಕಾಯಲೇಬೇಕು. ಕೈ ಎರಡಿದೆ, ಕಿವಿ ಎರಡಿದೆ. ತೀರ್ಮಾನ ಮಾಡುವ ಗದ್ದುಗೆ ಒಂದೇ.

ಈ ಸುಂಕದ ಲೆಕ್ಕ ಗೊತ್ತಾದ ಮೇಲೆ ಅವಧಾನದ ಸರದಿ ಬೇರೆಯಾಗಿಯೇ ಕಾಣುತ್ತದೆ. ಅಷ್ಟಾವಧಾನದ ಕಟ್ಟಳೆಯಲ್ಲಿ ಎರಡು ಕೆಲಸಗಳು ಒಂದೇ ಕ್ಷಣದಲ್ಲಿ ಅವಧಾನಿಯ ಮೇಲೆ ಬೀಳುವಂತಿಲ್ಲ. ಒಬ್ಬ ಪೃಚ್ಛಕ ಮುಗಿಸಿದ ಮೇಲೆಯೇ ಇನ್ನೊಬ್ಬ. ಅಡ್ಡಬಾಯಿ ಹಾಕುವ ಅಧಿಕಾರವಿರುವ ಅಪ್ರಸ್ತುತ ಪ್ರಸಂಗಿಯೂ ಅವಧಾನಿಯ ಗಮನವನ್ನು ಪೂರ್ತಿ ತನ್ನ ಕಡೆ ಎಳೆದುಕೊಳ್ಳುತ್ತಾನೆಯೇ ಹೊರತು ಅರ್ಧ ಕೇಳುವುದಿಲ್ಲ. ಕೆಲಸದ ಅಳತೆಯೂ ಗೊತ್ತುಮಾಡಿದ್ದು: ಒಂದು ಸರದಿಗೆ ಒಂದು ಪಾದ. ಅರ್ಧ ಪಾದಕ್ಕೆ ನಿಂತು ಹೊರಳುವಂತಿದ್ದರೆ, ಕಡಿದುಹೋದ ವಾಕ್ಯದ ತುದಿ ಹುಡುಕುವುದೇ ಕೆಲಸವಾಗುತ್ತಿತ್ತು. ಪಾದ ಮುಗಿದರೆ ಛಂದಸ್ಸಿನ ಒಂದು ಕಟ್ಟು ಮುಗಿಯಿತು, ಕೆಳಗಿಟ್ಟು ಹೋಗಬಹುದು.

ಹಾಗೆಂದರೆ ಸುಲಭ ಎಂದಲ್ಲ. ನಿಜವಾದ ಕಷ್ಟವನ್ನು ತಂದಿಡುವವನು ಸಭೆಯನ್ನು ನಗಿಸುವ ಆಸಾಮಿಯೇ. ಅಪ್ರಸ್ತುತ ಪ್ರಸಂಗವನ್ನು ಪ್ರೇಕ್ಷಕರ ಮನರಂಜನೆಗೆ ಇಟ್ಟ ಭಾಗವೆಂದು ಹಲವರು ತಿಳಿದಿದ್ದಾರೆ. 1958–59ರಲ್ಲಿ ಇಂಗ್ಲೆಂಡಿನಲ್ಲಿ ಜಾನ್ ಬ್ರೌನ್, ಅಮೆರಿಕದಲ್ಲಿ ಪೀಟರ್ಸನ್ ದಂಪತಿ ನಡೆಸಿದ ಪ್ರಯೋಗಗಳು ಅದರ ಮೊನೆ ಎಷ್ಟೆಂದು ತೋರಿಸುತ್ತವೆ. ಪೀಟರ್ಸನ್ನರು ಮೂರೇ ಮೂರು ವ್ಯಂಜನಾಕ್ಷರಗಳನ್ನು ಹೇಳಿ, ತಕ್ಷಣ ಒಂದು ಸಂಖ್ಯೆ ಕೊಟ್ಟು, ಅಲ್ಲಿಂದ ಮೂರು ಮೂರು ಕಳೆಯುತ್ತಾ ಹಿಂದಕ್ಕೆ ಎಣಿಸಲು ಹೇಳಿದರು. 18 ಸೆಕೆಂಡು ಕಳೆಯುವಷ್ಟರಲ್ಲಿ ಮೂರಕ್ಷರ ಸರಿಯಾಗಿ ನೆನಪಿಗೆ ಬಂದದ್ದು ಹತ್ತರಲ್ಲಿ ಒಂದು ಸಲ ಎನ್ನುವಷ್ಟು ಕಡಿಮೆ. ಮನಸ್ಸಿನೊಳಗೆ ಮೆಲುಕು ಹಾಕಲು ಬಿಡದಿದ್ದರೆ ಹೊಸದಾಗಿ ಕೇಳಿದ್ದು ಅಷ್ಟು ಬೇಗ ಸೋರಿಹೋಗುತ್ತದೆ. ಅಪ್ರಸ್ತುತ ಪ್ರಸಂಗಿ ಮಾಡುವುದು ಇದನ್ನೇ. ಅವನ ಪ್ರಶ್ನೆಗೆ ಸಿದ್ಧ ಉತ್ತರವಿಲ್ಲ, ಹೊಸದಾಗಿ ಯೋಚಿಸಬೇಕು. ಯೋಚಿಸುವಾಗ ಹಿಂದಿನ ಸಾಲನ್ನು ಒಳಗೊಳಗೇ ಗುನುಗುವುದು ಸಾಧ್ಯವಿಲ್ಲ. ಈ ಪಾತ್ರವನ್ನು ಮೊದಲು ಕಲ್ಪಿಸಿದವರು ಯಾರೋ, ಮನುಷ್ಯನ ಮರೆವಿನ ಗುಟ್ಟು ಬಲ್ಲವರೇ ಆಗಿರಬೇಕು.

ಹಾಗಾದರೆ ಸಾಲುಗಳು ಉಳಿಯುವುದು ಹೇಗೆ?

ಕನ್ನಡದ ಪದ್ಯಕ್ಕೆ ಇಲ್ಲಿ ಒಂದು ವರವಿದೆ. ಹಳೆಯ ವೃತ್ತಗಳಲ್ಲಿ, ಕಂದದಲ್ಲಿ ಆದಿಪ್ರಾಸ ಕಡ್ಡಾಯ. ಮೊದಲ ಪಾದ ‘ರಾಜಿಪ’ ಎಂದು ಶುರುವಾದರೆ, ಮಿಕ್ಕ ಮೂರು ಪಾದಗಳೂ ಗುರುವಿನಿಂದಲೇ ಮೊದಲಾಗಿ ಎರಡನೆಯ ಅಕ್ಷರದಲ್ಲಿ ‘ಜ’ಕಾರವನ್ನೇ ತರಬೇಕು. ಬರೆಯುವವನಿಗೆ ಇದು ಸಂಕೋಲೆ, ಸರಿ. ಮರಳಿ ಬರುವವನಿಗೆ ಇದೇ ಮನೆಯ ಗುರುತು. ನಿಷೇಧಾಕ್ಷರಿಯ ಪದ್ಯ ಕಂದದಲ್ಲಿ, ಪ್ರಾಸ ‘ಜ’. ಸಮಸ್ಯೆಯದು ಚಂಪಕಮಾಲೆ, ಪಾದಕ್ಕೆ ಇಪ್ಪತ್ತೊಂದು ಅಕ್ಷರ, ಪ್ರಾಸ ಬೇರೊಂದು. ದತ್ತಪದಿಯದು ಶಾರ್ದೂಲವಿಕ್ರೀಡಿತ, ಪಾದಕ್ಕೆ ಹತ್ತೊಂಬತ್ತು. ಒಂದರ ಸಾಲು ಇನ್ನೊಂದಕ್ಕೆ ನುಸುಳಲು ಬಂದರೆ ನಡಿಗೆಯೇ ಹೊಂದುವುದಿಲ್ಲ. ಚಂಪಕಮಾಲೆಯ ಒಂದು ಪದ್ಯದಲ್ಲಿ ಎಂಬತ್ತನಾಲ್ಕು ಅಕ್ಷರಗಳಿವೆ. ಎಂಬತ್ತನಾಲ್ಕು ಬಿಡಿ ಅಕ್ಷರಗಳನ್ನು ಒಮ್ಮೆ ಹೇಳಿ ನೆನಪಿಟ್ಟುಕೊಳ್ಳುವುದು ಅಸಾಧ್ಯಕ್ಕೆ ಹತ್ತಿರ. ಗಣ, ಯತಿ, ಪ್ರಾಸ, ಅರ್ಥ ಎಂಬ ನಾಲ್ಕು ಮೊಳೆಗಳಿಗೆ ತೂಗುಹಾಕಿದ ನಾಲ್ಕು ಪಾದಗಳು ಬೇರೆಯೇ ವಸ್ತು.

ಇದಕ್ಕೆ ಸಾಕ್ಷಿಯಾಗಿ ನಿಲ್ಲಬಲ್ಲ ಪ್ರಯೋಗವೊಂದು 1980ರಲ್ಲಿ ಪ್ರಕಟವಾಯಿತು. ಆಂಡರ್ಸ್ ಎರಿಕ್ಸನ್ ಮತ್ತು ಸಂಗಡಿಗರು ಅಮೆರಿಕದ ಒಬ್ಬ ವಿದ್ಯಾರ್ಥಿಗೆ ಅಂಕಿಗಳ ಸಾಲು ಹೇಳಿ ಒಪ್ಪಿಸಲು ಹೇಳುತ್ತಿದ್ದರು. ಶುರುವಿನಲ್ಲಿ ಏಳು ಅಂಕಿ, ಎಲ್ಲರ ಹಾಗೆ. ಸುಮಾರು 20 ತಿಂಗಳಲ್ಲಿ 230 ಗಂಟೆಗೂ ಮಿಕ್ಕ ಅಭ್ಯಾಸದ ನಂತರ 79 ಅಂಕಿ. ಹುಡುಗ ಓಟಗಾರ, ಅಂಕಿಗಳನ್ನು ಮೂರು ನಾಲ್ಕರ ಗುಂಪು ಮಾಡಿ ಒಂದು ಮೈಲಿಯ ಓಟದ ಹೊತ್ತು, ಎರಡು ಮೈಲಿಯ ಹೊತ್ತು ಎಂದು ತನಗೆ ಗೊತ್ತಿದ್ದ ಲೋಕಕ್ಕೆ ಒಗ್ಗಿಸಿಕೊಳ್ಳುತ್ತಿದ್ದ. ಅಂಕಿಯ ಬದಲು ಅಕ್ಷರ ಕೊಟ್ಟರೆ? ಮತ್ತೆ ಆರಕ್ಕೆ ಇಳಿದ. ಅವನ ನೆನಪಿನ ಪಾತ್ರೆ ದೊಡ್ಡದಾಗಿರಲಿಲ್ಲ, ಅದಕ್ಕೆ ತುಂಬುವ ಗಂಟುಗಳು ದೊಡ್ಡದಾಗಿದ್ದವು. ಅವಧಾನಿಯ ಗಂಟು ಛಂದಸ್ಸು. ಮಾತು ಬಾಯಿಗೆ ಬರುವಾಗಲೇ ಕಂದವಾಗಿಯೋ ವೃತ್ತವಾಗಿಯೋ ಬರುವವರೆಗೆ ಯಾರೂ ವೇದಿಕೆ ಹತ್ತುವ ಧೈರ್ಯ ಮಾಡುವುದಿಲ್ಲ, ಏಕೆಂದರೆ ಗುರು–ಲಘು ಎಣಿಸುತ್ತಾ ಕುಳಿತವನಿಗೆ ಅರ್ಥದ ಕಡೆ ನೋಡಲು ಮನಸ್ಸಿನಲ್ಲಿ ಜಾಗವೇ ಉಳಿಯದು.

ಸಂಖ್ಯಾಬಂಧದ ಗುಟ್ಟೂ ಈ ಜಾತಿಯದೇ. ಸಭೆಗೆ ಅದು ಅತಿ ಭಯಂಕರವಾಗಿ ಕಾಣುತ್ತದೆ. 1ರಿಂದ 25ರವರೆಗಿನ ಅಂಕಿಗಳನ್ನು ಐದೈದು ಮನೆಗಳ ಚೌಕದಲ್ಲಿ ಕೂರಿಸಿದರೆ ಅಡ್ಡಕ್ಕೂ ಉದ್ದಕ್ಕೂ ಮೊತ್ತ 65 ಬರುವ ವಿನ್ಯಾಸ ಬಹು ಹಳೆಯದು. ಪೃಚ್ಛಕ 165 ಬೇಕೆಂದರೆ ಪ್ರತಿ ಮನೆಗೂ 20 ಸೇರಿಸಿದರಾಯಿತು. ವಿನ್ಯಾಸ ಕರಗತವಾದವನಿಗೆ ನಾಲ್ಕನೆಯ ಸಾಲಿನ ಎರಡನೆಯ ಮನೆ ಯಾವುದು ಎಂಬುದು ಮಗ್ಗಿಯಷ್ಟೇ ಹಗುರ. ಎಂಟು ಕೆಲಸಗಳೂ ಒಂದೇ ತೂಕದವಲ್ಲ. ಕೆಲವು ಅಭ್ಯಾಸದಿಂದ ಹಗುರವಾಗಿ, ನಿಜವಾಗಿ ಹೊಸದನ್ನು ಹುಟ್ಟಿಸಬೇಕಾದ ಸಮಸ್ಯೆ, ನಿಷೇಧಾಕ್ಷರಿಗಳಿಗೆ ಗದ್ದುಗೆ ಬಿಟ್ಟುಕೊಡುತ್ತವೆ.

ಅಭ್ಯಾಸ ಎಲ್ಲಿಯವರೆಗೆ ಒಯ್ಯಬಲ್ಲದು ಎಂಬುದನ್ನು ಪಶ್ಚಿಮದವರೂ ಕೆಣಕಿ ನೋಡಿದ್ದಾರೆ. ಮುಂದೆ ಪ್ರಸಿದ್ಧ ಲೇಖಕಿಯಾದ ಗರ್ಟ್ರೂಡ್ ಸ್ಟೈನ್ ವಿದ್ಯಾರ್ಥಿನಿಯಾಗಿದ್ದಾಗ, ಲಿಯಾನ್ ಸಾಲಮನ್ಸ್ ಜೊತೆ ಹಾರ್ವರ್ಡ್ ಪ್ರಯೋಗಾಲಯದಲ್ಲಿ ಕಥೆ ಓದುತ್ತಲೇ ಕೇಳಿದ್ದನ್ನು ಬರೆಯುವ ಪ್ರಯೋಗ ಮಾಡಿ 1896ರಲ್ಲಿ ಪ್ರಕಟಿಸಿದಳು. ಎಂಬತ್ತು ವರ್ಷಗಳ ನಂತರ, 1976ರಲ್ಲಿ, ಸ್ಪೆಲ್ಕೆ, ಹರ್ಸ್ಟ್, ನೈಸರ್ ಎಂಬ ಮೂವರು ಕಾರ್ನೆಲ್‌ನಲ್ಲಿ ಇಬ್ಬರು ವಿದ್ಯಾರ್ಥಿಗಳಿಗೆ ಅದೇ ಕೆಲಸ ಕೊಟ್ಟರು. ಮೊದಲು ಓದೂ ಕುಂಟಿತು, ಬರವಣಿಗೆಯೂ ಹಾಳಾಯಿತು. ವಾರಗಟ್ಟಲೆ ದಿನವೂ ಕುಳಿತ ಮೇಲೆ ಓದಿನ ವೇಗ ಹಿಂದಿನಂತಾಯಿತು. ಆ ಹಂತದಲ್ಲಿ ತಾವು ಬರೆದ ಪದಗಳು ಯಾವುವೆಂದು ಕೇಳಿದರೆ ಅವರಿಗೆ ಬಹುಪಾಲು ಗೊತ್ತೇ ಇರಲಿಲ್ಲ. ಕೈ ಬರೆದಿತ್ತು, ಮನಸ್ಸು ಕಥೆಯಲ್ಲಿತ್ತು. ಧಾರಣದಲ್ಲಿ ಎಲ್ಲವನ್ನೂ ಒಪ್ಪಿಸಬೇಕಾದ ಅವಧಾನಿಗೆ ಇಂಥ ಯಾಂತ್ರಿಕ ಕೈಚಳಕದಿಂದ ಪ್ರಯೋಜನವಿಲ್ಲ.

ಪಟ್ಟಿ ಒಪ್ಪಿಸುವ ಜೈನ ಪರಂಪರೆಯ ದೊಡ್ಡ ಹೆಸರುಗಳಲ್ಲೊಂದು ಶ್ರೀಮದ್ ರಾಜಚಂದ್ರರದು. 1887ರಲ್ಲಿ, ಹತ್ತೊಂಬತ್ತರ ವಯಸ್ಸಿನಲ್ಲಿ, ಮುಂಬಯಿಯ ಫ್ರಾಮ್‌ಜಿ ಕಾವಸ್‌ಜಿ ಇನ್‌ಸ್ಟಿಟ್ಯೂಟ್‌ನಲ್ಲಿ ಅವರು ಶತಾವಧಾನ ನಡೆಸಿದಾಗ ಪತ್ರಿಕೆಗಳು ಕೊಂಡಾಡಿದವು, ಚಿನ್ನದ ಪದಕ ಬಂತು. ಆಮೇಲೆ ಅಧ್ಯಾತ್ಮಕ್ಕೆ ಅದು ಅಡ್ಡಿ ಎಂದು ಪ್ರದರ್ಶನವನ್ನೇ ಕೈಬಿಟ್ಟರು. 1891ರಲ್ಲಿ ಇಂಗ್ಲೆಂಡಿನಿಂದ ಆಗಷ್ಟೇ ಬಂದಿಳಿದ ಗಾಂಧೀಜಿ ರಾಜಚಂದ್ರರನ್ನು ಪರೀಕ್ಷಿಸಿದ ಸಂಗತಿ ಗಾಂಧೀಜಿಯ ಆತ್ಮಕಥೆಯಲ್ಲಿದೆ. ತಮಗೆ ಗೊತ್ತಿದ್ದ ಯೂರೋಪಿನ ಭಾಷೆಗಳ ಪದಗಳನ್ನೆಲ್ಲ ಹೇಳಿ ಮುಗಿಸಿದರು, ರಾಜಚಂದ್ರರು ಅದೇ ಕ್ರಮದಲ್ಲಿ ಒಪ್ಪಿಸಿದರು. ಗಾಂಧೀಜಿಗೆ ಅಸೂಯೆಯಾಯಿತು, ಆದರೆ ಆ ಶಕ್ತಿಗೆ ಮರುಳಾಗಲಿಲ್ಲ ಎಂದು ಅವರೇ ಬರೆಯುತ್ತಾರೆ. ಅವರನ್ನು ಸೆಳೆದದ್ದು ಬೇರೆ. ರಾಜಚಂದ್ರರು ಮುತ್ತು ವಜ್ರದ ವ್ಯಾಪಾರಿ. ಅಂಗಡಿಯ ಮೇಜಿನ ಮೇಲೆ ಧರ್ಮಗ್ರಂಥವೊಂದು, ದಿನಚರಿ ಪುಸ್ತಕವೊಂದು ಇದ್ದೇ ಇರುತ್ತಿದ್ದವು. ಲಕ್ಷಗಟ್ಟಲೆ ವ್ಯವಹಾರದ ಮಾತು ಮುಗಿದ ಕೂಡಲೇ ಪುಸ್ತಕ ತೆರೆದುಕೊಳ್ಳುತ್ತಿತ್ತು. ಶತಾವಧಾನಿಯ ದಿನವೂ ಸರದಿಯಲ್ಲೇ ನಡೆಯುತ್ತಿತ್ತು.

ಕವಿತೆಯ ಅವಧಾನ ಮಾತ್ರ ಕನ್ನಡದಲ್ಲಿ ಈಗ ಒಬ್ಬರ ಕೈಯಿಂದ ಹಲವರ ಕೈಗೆ ದಾಟಿದೆ. ಗಣೇಶ ಭಟ್ಟ ಕೊಪ್ಪಲತೋಟ ಅವರಂಥ ಕಿರಿಯರು ಅಷ್ಟಾವಧಾನ ನಡೆಸುತ್ತಿದ್ದಾರೆ. ಅವಧಾನಿಗಳ ಬರದಷ್ಟೇ ಪೃಚ್ಛಕರ ಬರವೂ ಈ ಕಲೆಯನ್ನು ಕಾಡುವಂಥದ್ದು ಎನ್ನುವುದು ಹೊರಗಿನವರಿಗೆ ಹೊಳೆಯುವುದಿಲ್ಲ. ಸಮಸ್ಯೆ ಒಡ್ಡುವವನು ಛಂದಸ್ಸು ತಪ್ಪದ ಸಾಲು ತರಬೇಕು. ಅಕ್ಷರ ತಡೆಯುವವನಿಗೆ ಮುಂದೆ ಬರಬಹುದಾದ ಪದಗಳ ಅಂದಾಜು ಅವಧಾನಿಯಷ್ಟೇ ಇರಬೇಕು. ಇಲ್ಲದಿದ್ದರೆ ಬರಲಾರದ ಅಕ್ಷರವನ್ನು ತಡೆದು ಆಟವನ್ನು ಸಪ್ಪೆ ಮಾಡಿಬಿಡುತ್ತಾನೆ. ಅಪ್ರಸ್ತುತಕ್ಕೆ ಕೂತವನು ಸಾಲು ಹೆಣೆಯುವ ಹೊತ್ತನ್ನೇ ಗುರಿಯಿಟ್ಟು ಬಾಯಿ ಹಾಕಬೇಕು, ತಾನೇ ಭಾಷಣ ಬಿಗಿಯಬಾರದು. ಮೂರು ಗಂಟೆಯ ಸಭೆಯಲ್ಲಿ ಇವರೊಬ್ಬೊಬ್ಬರಿಗೂ ಇರುವುದು ಒಂದೊಂದೇ ಕೆಲಸ, ಒಂದೊಂದೇ ಪದ್ಯ. ಅಷ್ಟಿದ್ದೂ, ಪ್ರತಿ ಸುತ್ತಿನಲ್ಲಿ ಬಂದ ಸಾಲನ್ನು ಅವರು ಕಾಗದದಲ್ಲಿ ಬರೆದಿಟ್ಟುಕೊಳ್ಳುತ್ತಾರೆ, ಧಾರಣದ ಹೊತ್ತಿಗೆ ಸರಿಯಾಯಿತೇ ಎಂದು ಅದನ್ನು ನೋಡಿಯೇ ಹೇಳುತ್ತಾರೆ.